ನೆರಳಿನ ಕೂಲಿ

ಈ ವರ್ಷ ತಂಗಿಯ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಬೆಳ್ಳನೆಯ ಮೈ, ಬೆಳ್ಳಗಿನ ಕೂದಲು, ತಿಳಿನೀಲಿ ಕಣ್ಣು. ಮಕ್ಕಳ ವೈದ್ಯರು ಅಲ್ಬಿನಿಸಂ ಎಂದು ಹೆಸರು ಹೇಳಿದರು. ಕೂಸು ಆರೋಗ್ಯವಾಗಿದೆ, ಕಣ್ಣಿನ ಕಾಳಜಿ ಮತ್ತು ಚರ್ಮದ ಕಾಳಜಿಯನ್ನು ಮಾತ್ರ ಜೀವನಪೂರ್ತಿ ಬಿಡಬಾರದು ಎಂದು ಸಮಾಧಾನವಾಗಿ ತಿಳಿಸಿ ಹೇಳಿದರು. ಬಾಣಂತಿಯನ್ನು ನೋಡಲು ಬಂದ ಹಿರಿಯರು ಮಾತ್ರ ಗ್ರಹಣದ ಮಾತು ತೆಗೆದರು, ಯಾರದೋ ಶಾಪದ ಮಾತು ತೆಗೆದರು. ಅಂದು ರಾತ್ರಿ ಅವಳು ನನಗೆ ಫೋನ್ ಮಾಡಿದಳು.

"ದೊಡ್ಡವ್ವ, ನಿಮ್ಮ ಓಣ್ಯಾಗ ಹಿಂಗ ಇದ್ದಾಕಿ ಒಬ್ಬಾಕಿ ಇದ್ಲಂತಲ್ಲ. ಅವ್ವ ಹೇಳತಿದ್ಲು. ಆಕಿ ಮುಂದ ಏನಾದ್ಲು?"

ಫೋನಿನಲ್ಲಿ ಹೇಳುವ ಮಾತಲ್ಲ ಇದು, ಬಂದು ಹೇಳ್ತೀನಿ ಅಂದೆ. ಹೋಗುವ ಮೊದಲು ನೆನಪಿರುವುದನ್ನೆಲ್ಲ ಒಂದು ಕಡೆ ಬರೆದಿಡಬೇಕು ಅನ್ನಿಸಿತು. ಬಾಣಂತಿಯ ಎದುರು ಕೂತಾಗ ಅರ್ಧ ಮಾತು ನುಂಗಿಬಿಡುವ ಭಯ ಇದೆ. ಅವಳು ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಬೇಕು.

ಇಳಕಲ್ಲಿಗೆ ಹತ್ತಿರದ ಹಳ್ಳಿ ನಮ್ಮದು. ಒಂದು ಓಣಿಯ ತುಂಬ ಮಗ್ಗದ ಮನೆಗಳು, ಊರು ದಾಟಿದರೆ ಕಣ್ಣು ಹಾಯುವವರೆಗೂ ಎರೆಹೊಲ. ಹೊಲದ ಬದುವಿನಲ್ಲಿ ಅಲ್ಲೊಂದು ಬೇವು, ಇಲ್ಲೊಂದು ಜಾಲಿ. ಜಾಲಿಯ ನೆರಳು ನೆಲಕ್ಕೆ ಬೀಳುವ ಹೊತ್ತಿಗೆ ಅರ್ಧ ಸೋರಿಹೋಗಿರುತ್ತದೆ. ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ಅಪ್ಪ ಒಂದರಲ್ಲಿ, ಕಾಕಾ ಇನ್ನೊಂದರಲ್ಲಿ ಕಾಲು ಇಳಿಬಿಟ್ಟು ಕೂತರೆ ಹೊರಗೆ ಹೊತ್ತು ಎಷ್ಟಾಯಿತು ಎನ್ನುವುದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಬೆಳಕಿಗೆಂದು ಛಾವಣಿಯಲ್ಲಿ ಬಿಟ್ಟಿದ್ದ ಗವಾಕ್ಷಿಯಿಂದ ಬಿಸಿಲು ಒಂದು ಚೌಕವಾಗಿ ನೆಲಕ್ಕೆ ಇಳಿದು, ಗೋಡೆಯ ಕಡೆಗೆ ಸರಿಯುತ್ತಿತ್ತು. ನಮ್ಮ ಮನೆಗೆ ಬರುತ್ತಿದ್ದ ಬಿಸಿಲು ಅಷ್ಟೇ.

ತಂಗಿಯ ಮಗಳು ಕೇಳಿದ ಆ ಹುಡುಗಿಯ ಮನೆ ನಮ್ಮ ಮನೆಯ ಹಿಂದೆ. ಊರವರು ಅವಳನ್ನು ಕೆಂಚಿ ಅನ್ನುತ್ತಿದ್ದರು. ಇಟ್ಟ ಹೆಸರು ಅವಳ ತಾಯಿಯ ಬಾಯಲ್ಲಿ ಮಾತ್ರ ಉಳಿದಿತ್ತು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಾದ್ದರಿಂದ ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅವಳ ರೆಪ್ಪೆ ಹುಬ್ಬುಗಳೂ ಬೆಳ್ಳಗಿದ್ದವು. ಕಣ್ಣುಗುಡ್ಡೆ ಒಂದು ಕಡೆ ನಿಲ್ಲದೆ ಅತ್ತಿತ್ತ ಅಲುಗುತ್ತಿತ್ತು. ಏನನ್ನಾದರೂ ನೋಡಬೇಕೆಂದರೆ ತಲೆಯನ್ನು ಬಲಕ್ಕೆ ವಾಲಿಸಿ, ಮೂಗಿಗೆ ಹತ್ತಿರ ಹಿಡಿದು ನೋಡುತ್ತಿದ್ದಳು. ಅಂಗಳಕ್ಕೆ ಬಂದರೆ ಅಂಗೈ ತಾನಾಗಿ ಹಣೆಯ ಮೇಲೆ ಹೋಗುತ್ತಿತ್ತು.

ಸಾಲಿಯಲ್ಲಿ ಅವಳಿಗೆ ಹಲಗೆಯ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ಮಾಸ್ತರು ಬರೆಯುವಾಗ ಬಾಯಲ್ಲಿ ಹೇಳಿದರೆ ಒಂದನ್ನೂ ಬಿಡದೆ ನೆನಪಿಟ್ಟು ಒಪ್ಪಿಸುತ್ತಿದ್ದಳು. ಸುಮ್ಮನೆ ಬರೆದುಬಿಟ್ಟರೆ ಅವಳ ಪಾಟಿ ಖಾಲಿ. ಖಾಲಿ ಪಾಟಿಗೆ ಏಟು ಬೀಳುತ್ತಿತ್ತು. ಆ ಮಾಸ್ತರು ಕೆಟ್ಟವರಲ್ಲ. ಬಡ ಮಕ್ಕಳಿಗೆ ತಮ್ಮ ಕೈಯಿಂದ ಪಾಟಿ ಕೊಡಿಸಿದವರು. ಆದರೆ ಮುಂದೆ ನಾನೂ ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಸಾಲಿಯಲ್ಲಿ ಪಾಠ ಮಾಡಿದವಳು. ಕೇಳಿದ್ದನ್ನೆಲ್ಲ ಒಪ್ಪಿಸುವ ಮಗು ಬರೆದದ್ದನ್ನು ಮಾತ್ರ ಓದುವುದಿಲ್ಲ ಎಂದರೆ ಕಣ್ಣಿನ ತೊಂದರೆ ಇದೆ ಎಂದು ತಿಳಿಯಲು ದೊಡ್ಡ ಓದು ಬೇಕಾಗಿಲ್ಲ, ಅದನ್ನು ಗಮನಿಸುವುದು ಮಾಸ್ತರರ ಕೆಲಸವೇ ಆಗಿತ್ತು ಎಂದು ಈಗ ಸ್ಪಷ್ಟವಾಗಿ ಹೇಳಬಲ್ಲೆ. ಮೂರನೇ ಇಯತ್ತೆಗೆ ಅವಳ ಸಾಲಿ ನಿಂತಿತು. ಓದು ನಿಂತ ಮೇಲೆ ಅವಳ ಮುಂದೆ ಉಳಿದದ್ದು ಹೊಲ ಒಂದೇ. ಮುಂದಿನ ಕತೆಯೆಲ್ಲ ಶುರುವಾದದ್ದು ಆ ಹಲಗೆಯ ಮುಂದೆ.

ಸಾಲಿಗೂ ಹೊಲಕ್ಕೂ ನಡುವೆ ನಮ್ಮ ಮನೆ ಇತ್ತು. ಅಕ್ಕ ಕಂಡಿಕೆ ಸುತ್ತಲು ಬರುತ್ತಿದ್ದಳು. ಎಡಗೈ ಬೆರಳಿನ ನಡುವೆ ನೂಲು ಹಾಯಿಸಿ, ಬಲಗೈಯಲ್ಲಿ ರಾಟಿ ತಿರುಗಿಸುತ್ತ, ಕಣ್ಣು ಮುಚ್ಚಿಕೊಂಡೇ ಸುತ್ತುತ್ತಿದ್ದಳು. ನೂಲು ಎಲ್ಲಿ ದಪ್ಪ, ಎಲ್ಲಿ ಸಣಕಲು, ಎಲ್ಲಿ ಕಡಿಯಲಿದೆ ಎನ್ನುವುದು ಅವಳ ಬೆರಳಿಗೆ ಮೊದಲೇ ತಿಳಿಯುತ್ತಿತ್ತು. ಅವಳು ಸುತ್ತಿದ ಕಂಡಿಕೆ ಲಾಳಿಯಲ್ಲಿ ಸಿಕ್ಕುಬೀಳುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಅವ್ವ ಅವಳಿಗೆ ಮಜ್ಜಿಗೆ ಕೊಡುತ್ತಿದ್ದಳು, ತಲೆ ಬಾಚುತ್ತಿದ್ದಳು. ಬೀಗರು ಬರುವ ದಿನ ಮಾತ್ರ "ಇವತ್ತ ಬರಬ್ಯಾಡವ್ವ" ಎಂದು ಹಿಂದಿನ ಬಾಗಿಲಿನಿಂದ ಹೇಳಿ ಕಳಿಸುತ್ತಿದ್ದಳು. ಅವ್ವನ ಪ್ರೀತಿ ಸುಳ್ಳಲ್ಲ. ಆ ಪ್ರೀತಿಗೆ ಬೀಗರ ಎದುರು ನಿಲ್ಲುವ ಧೈರ್ಯ ಇರಲಿಲ್ಲ ಎನ್ನುವುದೂ ಸುಳ್ಳಲ್ಲ.

ಕಂಡಿಕೆಯ ಕೂಲಿ ಹೊಲದ ಕೂಲಿಗಿಂತ ಕಡಿಮೆ. ಎಲ್ಲ ಮಗ್ಗದ ಮನೆಗಳಲ್ಲೂ ಹಾಗೆಯೇ ಇತ್ತು. ಸೀರೆ ಕೊಳ್ಳುವ ಸಾಹುಕಾರರು ನೇಕಾರರಿಗೆ ಕೊಡುತ್ತಿದ್ದುದೇ ಕಡಿಮೆ. ಹೆಂಗಸರು ಕೂತು ಮಾಡುವ ಕೆಲಸ, ನೆರಳಿನ ಕೆಲಸ, ಅದಕ್ಕೇನು ಜಾಸ್ತಿ ಎನ್ನುವುದು ರೂಢಿಯ ಮಾತು. ಹೀಗಾಗಿ ಶೇಂಗಾ ಕೀಳುವಾಗ, ಹತ್ತಿ ಬಿಡಿಸುವಾಗ, ಬಿಳಿಜೋಳ ಕೊಯ್ಯುವಾಗ ಅಕ್ಕ ತಾಯಿಯ ಜೊತೆ ಹೊಲಕ್ಕೆ ಹೋಗುತ್ತಿದ್ದಳು. ಅವಳ ಮನೆಯಲ್ಲಿ ಉಣ್ಣುವ ಬಾಯಿ ಹೆಚ್ಚು. ಕಡಿಮೆ ಕೂಲಿಯ ನೆರಳನ್ನು ಆರಿಸಿಕೊಳ್ಳುವ ಅನುಕೂಲ ಅವರಿಗಿರಲಿಲ್ಲ.

ಎಪ್ಪತ್ತೆರಡರ ಬರದಲ್ಲಿ ಎಲ್ಲರ ಮಗ್ಗವೂ ನಿಂತಿತು. ಆಗ ನಮ್ಮದು ಅಖಂಡ ವಿಜಾಪುರ ಜಿಲ್ಲೆ. ಬರಗಾಲದ ಕಾಮಗಾರಿ ಎಂದು ರಸ್ತೆಗೆ ಖಡಿ ಒಡೆಯುವ ಕೆಲಸ ಕೊಟ್ಟರು. ಸಾಲಾಗಿ ಕೂತ ಜನ, ಮುಂದೆ ಕಲ್ಲಿನ ಗುಡ್ಡೆ, ತಲೆಯ ಮೇಲೆ ಏನೂ ಇಲ್ಲ. ಅಕ್ಕನಿಗೆ ಆಗ ಹದಿನಾಲ್ಕರ ಪ್ರಾಯ ಇರಬೇಕು. ಒಂದೇ ದಿನಕ್ಕೆ ಅವಳ ಮುಖ, ಕುತ್ತಿಗೆಯ ಹಿಂಭಾಗ, ಮೊಣಕೈವರೆಗಿನ ತೋಳು ಕೆಂಪೇರಿ, ಮರುದಿನ ಬೊಬ್ಬೆ ಎದ್ದವು. ರಾತ್ರಿ ಉರಿಗೆ ಮಲಗಲಾಗದೆ ಅವಳು ನರಳುವುದು ನಮ್ಮ ಹಿತ್ತಲಿಗೆ ಕೇಳಿಸುತ್ತಿತ್ತು. ಚರ್ಮ ಸುಲಿದು ಹೊಸದು ಬರುವ ಮೊದಲೇ ಮತ್ತೆ ಖಡಿಗೆ ಹೋದಳು. ಆ ಬೇಸಿಗೆ ಪೂರ್ತಿ ಹಾಗೆಯೇ ನಡೆಯಿತು.

ಅವಳಿಗೆ ಏನು ಬೇಕು ಎಂದು ಊರಿನಲ್ಲಿ ಸರಿಯಾಗಿ ತಿಳಿದವನು ಒಬ್ಬನೇ, ಕುರಿ ಕಾಯುವ ಅಜ್ಜ. ಉಣ್ಣೆ ಕತ್ತರಿಸಿದ ಕುರಿಯನ್ನು ಅವನು ಕೆಲವು ದಿನ ನಡುಹಗಲಲ್ಲಿ ಮರದ ಬುಡ ಬಿಟ್ಟು ಹೊರಗೆ ಬಿಡುತ್ತಿರಲಿಲ್ಲ. ಅಕ್ಕನ ತೋಳು ನೋಡಿ, "ಈ ಕೂಸಿನ ಮೈಮ್ಯಾಲ ಉಣ್ಣಿ ಇಲ್ಲ, ಬಿಸಲಿಗೆ ಬಿಡಬ್ಯಾಡ್ರಿ" ಅಂದ. ತನ್ನ ಹಳೆಯ ಕರಿ ಕಂಬಳಿಯೊಂದನ್ನು ಕೊಪ್ಪೆ ಮಾಡಿ ಅವಳ ತಲೆಗೆ ಹೊದಿಸಿದ. ಚಳಿಗಾಲದ ಕೊಯ್ಲಿನಲ್ಲಿ ಅವಳು ಅದನ್ನು ಹೊದ್ದು ಕೆಲಸ ಮಾಡುತ್ತಿದ್ದಳು. ಏಪ್ರಿಲ್ ತಿಂಗಳಲ್ಲಿ ಅದನ್ನು ಹೊದ್ದರೆ ಉಸಿರು ಕಟ್ಟುತ್ತಿತ್ತು. ಬಿಸಿಲಿನಿಂದ ಉಳಿಸಿಕೊಳ್ಳುವ ಬಟ್ಟೆ ಸೆಕೆಯಲ್ಲೂ ಉಡುವಂತಿರಬೇಕು, ಇಲ್ಲದಿದ್ದರೆ ಅದು ಗೂಟಕ್ಕೇ ಉಳಿಯುತ್ತದೆ.

ನಮ್ಮ ಊರಿಗೆ ನೆರಳಿನ ವಿದ್ಯೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಎಲೆಬಳ್ಳಿಗೆ ಬಿಸಿಲು ತಾಗಬಾರದೆಂದು ಚೊಗಚೆ, ನುಗ್ಗೆ ನೆಟ್ಟು ತೋಟವನ್ನೇ ತಂಪು ಮಾಡುತ್ತಿದ್ದರು. ಎತ್ತುಗಳನ್ನು ಹೊತ್ತು ನೆತ್ತಿಗೇರುವ ಮೊದಲು ನೊಗ ಬಿಚ್ಚಿ ಬೇವಿನ ಕೆಳಗೆ ಕಟ್ಟುತ್ತಿದ್ದರು. ಬಣ್ಣ ಹಾಕಿದ ನೂಲನ್ನು ನೆರಳಲ್ಲೇ ಒಣಹಾಕಬೇಕು, ಇಲ್ಲದಿದ್ದರೆ ಬಣ್ಣ ಹೋಗುತ್ತದೆ ಎಂದು ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಇಷ್ಟೆಲ್ಲ ತಿಳಿದ ಊರು ಒಂದು ಹೆಣ್ಣುಮಗುವನ್ನು ಖಡಿಯ ಸಾಲಿನಲ್ಲಿ ಕೂಡಿಸಿತು. ಇದನ್ನು ಅಜ್ಞಾನ ಎಂದು ಕರೆದು ಮುಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇಪ್ಪತ್ತು ದಾಟುವ ಹೊತ್ತಿಗೆ ಅಕ್ಕನ ತೋಳಿನ ಮೇಲೆ ಅಲ್ಲಲ್ಲಿ ಹೊಪ್ಪಳೆ ಕಟ್ಟತೊಡಗಿತ್ತು. ಕಣ್ಣಿಗೆ ಕಾಣುವುದಕ್ಕಿಂತ ಕೈಗೆ ಮೊದಲು ತಿಳಿಯುತ್ತಿತ್ತು, ಮರಳುಕಾಗದದ ಹಾಗೆ ಒರಟು. ಕೆಳತುಟಿ ಒಡೆದು, ಮಾಯುವಂತೆ ಕಂಡು, ಮತ್ತೆ ಒಡೆಯುತ್ತಿತ್ತು. ಆಮೇಲೆ ಎಡಗಿವಿಯ ಮೇಲಂಚಿನಲ್ಲಿ ಒಂದು ಸಣ್ಣ ಗಾಯ. ಮುಟ್ಟಿದರೆ ರಕ್ತ, ಒಣಗಿದರೆ ಚಕ್ಕೆ, ಚಕ್ಕೆ ಉದುರಿದರೆ ಮತ್ತೆ ಹಸಿ. ಅರಿಶಿಣ ಹಚ್ಚಿದರು, ಬೇವಿನೆಣ್ಣೆ ಹಚ್ಚಿದರು, ಹತ್ತಿರದ ದವಾಖಾನೆಯಲ್ಲಿ ಕೊಟ್ಟ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರು. ಗಾಯ ಅಗಲವಾಗುತ್ತ ಹೋಯಿತು. ಅಂಚು ಗಟ್ಟಿಯಾಗಿ ಎದ್ದು ನಿಂತಿತು. ಸೆರಗು ಕಿವಿಯ ಮೇಲೆ ಎಳೆದುಕೊಂಡು ಓಡಾಡುತ್ತಿದ್ದಳು. ಅದನ್ನು ಊರವರು ನಾಚಿಕೆ ಅಂದುಕೊಂಡರು.

ಅವಳ ಅಣ್ಣ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನು ಅದೇ ಪಟ್ಟಣದಲ್ಲಿ ಹೊಸದಾಗಿ ನೌಕರಿಗೆ ಸೇರಿದ್ದೆ, ಜೊತೆಗೆ ಹೋದೆ. ಅಷ್ಟೊತ್ತಿಗೆ ಕುತ್ತಿಗೆಯಲ್ಲಿ ಗಂಟು ಬಂದಿತ್ತು. ವೈದ್ಯರು ಅಣ್ಣನನ್ನು ಪಕ್ಕಕ್ಕೆ ಕರೆದು ಕ್ಯಾನ್ಸರ್ ಅಂದರು. ಅಕ್ಕನಿಗೆ ಯಾರೂ ಏನೂ ಹೇಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ಅವಳು, ಎಲ್ಲವನ್ನೂ ಕಿವಿಯಿಂದಲೇ ಕಲಿತವಳು, ಅಷ್ಟು ದೂರದ ಪಿಸುಮಾತು ಕೇಳಿಸಿಕೊಳ್ಳದೆ ಇರುತ್ತಾಳೆಯೇ? ಬಸ್ಸಿನಲ್ಲಿ ನನ್ನನ್ನು ಒಂದೇ ಮಾತು ಕೇಳಿದಳು: "ಮೊದಲ ಬಂದಿದ್ರ ಆಗತಿತ್ತೇನು?" ಎಂಬತ್ತರ ದಶಕ ಮುಗಿಯುವ ಮೊದಲೇ ತೀರಿಕೊಂಡಳು. ಮೂವತ್ತರ ಆಸುಪಾಸಿನ ವಯಸ್ಸು.

ಆ ಪ್ರಶ್ನೆಗೆ ಉತ್ತರ ಹೌದು. ಇದನ್ನು ತಂಗಿಯ ಮಗಳು ಎಲ್ಲಕ್ಕಿಂತ ಮೊದಲು ತಿಳಿಯಬೇಕು.

ನಮ್ಮ ಚರ್ಮಕ್ಕೆ, ಕೂದಲಿಗೆ, ಕಣ್ಣಿಗೆ ಬಣ್ಣ ಕೊಡುವ ವಸ್ತು ಮೆಲನಿನ್. ಸೂರ್ಯನ ನೇರಳಾತೀತ ಕಿರಣ ಚರ್ಮದ ಜೀವಕೋಶದೊಳಗಿನ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಮೆಲನಿನ್ ಅದರ ಬಹುಪಾಲನ್ನು ಹೀರಿಕೊಂಡು ತಡೆಯುತ್ತದೆ. ಅಲ್ಬಿನಿಸಂ ಇರುವವರ ದೇಹದಲ್ಲಿ ಮೆಲನಿನ್ ಇಲ್ಲ, ಇದ್ದರೂ ತೀರ ಕಡಿಮೆ. ಇದಕ್ಕೆ ಕಾರಣವಾದ ಜೀನ್ ತಂದೆ ತಾಯಿ ಇಬ್ಬರಲ್ಲೂ ಸದ್ದಿಲ್ಲದೆ ಇರುತ್ತದೆ. ಇಬ್ಬರಿಂದಲೂ ಬಂದು ಸೇರಿದಾಗ ಮಾತ್ರ ಕೂಸು ಹೀಗೆ ಹುಟ್ಟುತ್ತದೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದರ ಸಾಧ್ಯತೆ. ರಕ್ತಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಒಂದೇ ಜೀನ್ ಇರುವ ಸಂಭವ ಹೆಚ್ಚು. ತಂಗಿಯ ಮಗಳನ್ನು ಸೋದರತ್ತೆಯ ಮಗನಿಗೇ ಕೊಟ್ಟಿದ್ದೇವೆ. ಸಂಬಂಧ ಬಿಟ್ಟುಹೋಗಬಾರದೆಂದು ಹಟ ಹಿಡಿದ ಹಿರಿಯರೇ ಈಗ ಗ್ರಹಣದ ಮಾತಾಡುತ್ತಿದ್ದಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆತ್ತವಳು ಮಾಡಿದ ಯಾವ ತಪ್ಪೂ ಇದರಲ್ಲಿ ಇಲ್ಲ.

ಅಕ್ಕನ ತೋಳಿನ ಒರಟು ಹೊಪ್ಪಳೆ, ಮಾಯದ ತುಟಿ, ಇವು ಕ್ಯಾನ್ಸರಿಗೆ ಮೊದಲಿನ ಹಂತ. ವರ್ಷಗಟ್ಟಲೆ ಕೈಯಲ್ಲಿದ್ದ ಎಚ್ಚರಿಕೆ. ಅವಳನ್ನು ಕೊಂದದ್ದು ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಎಂದೇ ಅವಳ ಲಕ್ಷಣಗಳನ್ನು ಕೇಳಿದ ಚರ್ಮವೈದ್ಯರು ನನಗೆ ಹೇಳಿದರು. ಆಫ್ರಿಕಾದಲ್ಲಿ ಅಲ್ಬಿನಿಸಂ ಇರುವವರನ್ನು ಅತಿ ಹೆಚ್ಚಾಗಿ ಕಾಡುವ ಚರ್ಮದ ಕ್ಯಾನ್ಸರ್ ಇದೇ. ಆರಂಭದಲ್ಲೇ ಕಂಡು ಅಷ್ಟು ಭಾಗವನ್ನು ಕತ್ತರಿಸಿ ತೆಗೆದರೆ ಬಹುತೇಕ ಗುಣವಾಗುತ್ತದೆ. ಕುತ್ತಿಗೆಯ ಗಂಟಿಗೆ ಇಳಿದ ಮೇಲೆ ಕಷ್ಟ. ಒಂದು ತಿಂಗಳಾದರೂ ಮಾಯದ ಗಾಯವನ್ನು ವೈದ್ಯರಿಗೆ ತೋರಿಸಬೇಕು. ಈ ಒಂದು ಮಾತು ಅಂದು ನಮ್ಮ ಓಣಿಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅಕ್ಕ ಇವತ್ತು ಈ ಕೂಸನ್ನು ಎತ್ತಿಕೊಳ್ಳಲು ಬರುತ್ತಿದ್ದಳು.

ಕಾಲ ಬಹಳ ಬದಲಾಗಿದೆ, ಸಂತೋಷದಿಂದಲೇ ಹೇಳುತ್ತೇನೆ. ಕೂಸಿಗೆ ಆರು ತಿಂಗಳು ತುಂಬುವವರೆಗೆ ಸನ್‌ಸ್ಕ್ರೀನ್ ಬೇಡ, ನೆರಳು ಮತ್ತು ಬಟ್ಟೆಯಲ್ಲೇ ಕಾಪಾಡಿ ಎಂದು ವೈದ್ಯರು ಹೇಳಿ ಕಳಿಸಿದ್ದಾರೆ. ಆಮೇಲೆ ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ್ದು, ನೇರಳಾತೀತ ಕಿರಣದ ಯುವಿಎ, ಯುವಿಬಿ ಎರಡೂ ಬಗೆಯನ್ನು ತಡೆಯುವಂಥದ್ದು. ಹೊರಗೆ ಹೊರಡುವ ಮೊದಲೊಮ್ಮೆ, ಹೊರಗಿದ್ದಷ್ಟು ಹೊತ್ತು ಎರಡು ಗಂಟೆಗೊಮ್ಮೆ ಮತ್ತೆ. ಸರಿಯಾಗಿ ದಪ್ಪಗೆ ಹಚ್ಚಿದರೆ ಎಸ್‌ಪಿಎಫ್ 30 ಯುವಿಬಿ ಕಿರಣದ ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ. ತೆಳ್ಳಗೆ ಸವರಿದರೆ ಅಷ್ಟು ಸಿಗುವುದಿಲ್ಲ. ಕಿವಿಯ ಅಂಚು, ಕುತ್ತಿಗೆಯ ಹಿಂಭಾಗ, ತುಟಿ ಮರೆಯಬಾರದು. ಅಕ್ಕನಿಗೆ ಬಂದದ್ದು ಅಲ್ಲಿಯೇ.

ಬಟ್ಟೆಯ ಬಗ್ಗೆ ನೇಕಾರರ ಮಗಳಾಗಿ ಒಂದು ಮಾತು ಸೇರಿಸುತ್ತೇನೆ. ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದು ನೋಡಬೇಕು. ಎಳೆಗಳ ನಡುವೆ ಬೆಳಕು ಹೆಚ್ಚು ಕಂಡಷ್ಟೂ ನೇರಳಾತೀತ ಕಿರಣವೂ ಹೆಚ್ಚು ನುಗ್ಗುತ್ತದೆ. ತೊಳೆದು ತೊಳೆದು ಸವೆದ ತೆಳು ಬಿಳಿ ಅಂಗಿಗಿಂತ ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಮೇಲು. ಉದ್ದ ತೋಳು, ಸುತ್ತಲೂ ಅಗಲ ಅಂಚಿನ ಟೊಪ್ಪಿಗೆ, ಕಣ್ಣಿಗೆ ತಂಪು ಕನ್ನಡಕ. ಮುಂದೆ ಮಾತ್ರ ಚಾಚಿದ ಟೊಪ್ಪಿಗೆಯಲ್ಲಿ ಕಿವಿ, ಕತ್ತು ಹೊರಗೇ ಉಳಿಯುತ್ತವೆ.

ಈಗ ಫೋನಿನಲ್ಲಿ ಹವಾಮಾನ ನೋಡುವಲ್ಲಿ ಯುವಿ ಸೂಚ್ಯಂಕ ಎಂದು ಒಂದು ಅಂಕಿ ಬರುತ್ತದೆ. 3 ಮುಟ್ಟಿದರೆ ಕಾಪು ಬೇಕು, 8ಕ್ಕೆ ಬಹಳ ಹೆಚ್ಚು, 11 ಮುಟ್ಟಿದರೆ ವಿಪರೀತ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ನಮ್ಮ ಕಡೆ ಬೇಸಿಗೆಯ ನಡುಹಗಲಲ್ಲಿ ಅದು 11 ದಾಟುವುದು ಸಾಮಾನ್ಯ. ಚಳಿಗಾಲದಲ್ಲಿ ಗಾಳಿ ತಂಪಾಗಿರುವ ಮಧ್ಯಾಹ್ನವೂ 3ಕ್ಕಿಂತ ಬಹಳ ಮೇಲೆಯೇ ಇರುತ್ತದೆ. ಸೆಕೆ ಬೇರೆ, ಈ ಕಿರಣ ಬೇರೆ. ತೆಳು ಮೋಡದಲ್ಲೂ ಅದು ಇಳಿಯುತ್ತದೆ. ಫೋನ್ ಇಲ್ಲದವರಿಗೆ ನೆರಳೇ ಗಡಿಯಾರ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದೆ ಎಂದರೆ ಒಳಗೆ ಹೋಗುವ ಹೊತ್ತು. ನೆರಳು ನೋಡಿ ಬುತ್ತಿ ಬಿಚ್ಚುತ್ತಿದ್ದ ನಮ್ಮ ಊರಿಗೆ ಇದನ್ನು ಕಲಿಸಲು ಒಂದು ನಿಮಿಷ ಸಾಕಾಗಿತ್ತು.

ಕಾನೂನೂ ಬದಲಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಅಲ್ಬಿನಿಸಂ ಎನ್ನುವ ಹೆಸರು ಇಲ್ಲ, ಆದರೆ ಮಂದದೃಷ್ಟಿ ಇದೆ. ದೃಷ್ಟಿಯ ಅಳತೆ ಅದರೊಳಗೆ ಬಂದರೆ ಪ್ರಮಾಣಪತ್ರ ಸಿಗುತ್ತದೆ, ದೊಡ್ಡಕ್ಷರದ ಪುಸ್ತಕ ಕೇಳಬಹುದು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ವಿಶ್ವಸಂಸ್ಥೆ 2014ರಲ್ಲಿ ಗೊತ್ತುವಳಿ ಮಾಡಿ ಜೂನ್ 13ನ್ನು ಅಲ್ಬಿನಿಸಂ ಜಾಗೃತಿ ದಿನ ಎಂದು ಸಾರಿತು. ಟಾಂಜಾನಿಯದ ಮೋಶಿಯಲ್ಲಿ ಕಿಲಿಸನ್ ಎಂಬ ಸನ್‌ಸ್ಕ್ರೀನನ್ನು ಅಲ್ಲಿಯೇ ತಯಾರಿಸಿ ಅಲ್ಬಿನಿಸಂ ಇರುವವರಿಗೆ ಬೆಲೆ ಇಲ್ಲದೆ ಹಂಚುತ್ತಾರೆ. ಅದನ್ನು ಓದಿದಾಗ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನೆನಪಾಯಿತು. ಕಬ್ಬಿಣಾಂಶದ ಗುಳಿಗೆ ಕೊಡುವ ಕಿಟಕಿಯಲ್ಲೇ ಅಲ್ಬಿನಿಸಂ ಇರುವ ಮಕ್ಕಳಿಗೆ ಸನ್‌ಸ್ಕ್ರೀನನ್ನೂ ಕೊಡಬೇಕು. ಅದು ಅವರಿಗೆ ಔಷಧ, ಅಂದದ ಸಾಮಾನಲ್ಲ.

ಉಳಿದ ನಮ್ಮ ಬಗ್ಗೆಯೂ ಒಂದು ಮಾತು. ಕಂದುಮೈಯವರಾದ ನಮಗೆ ಚರ್ಮದ ಕ್ಯಾನ್ಸರ್ ಕಡಿಮೆ ಎನ್ನುವುದು ನಿಜ. ಬರುವುದೇ ಇಲ್ಲ ಎಂದು ಕೂತರೆ ತಡವಾಗಿ ತಿಳಿಯುತ್ತದೆ. ನಮ್ಮಲ್ಲಿ ಮೆಲನೋಮ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಬರುವುದು ಬಿಸಿಲು ತಾಗದ ಕಡೆ, ಅಂಗಾಲು, ಅಂಗೈ, ಉಗುರಿನ ಕೆಳಗೆ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನ ಕೆಳಗೆ ಬಂದದ್ದನ್ನು ಮೊದಲು ಫುಟ್‌ಬಾಲ್ ಪೆಟ್ಟು ಅಂದುಕೊಂಡಿದ್ದರು. 1981ರಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡ. ನಮ್ಮ ಹೊಲಗಳಲ್ಲೂ ಉಗುರು ಕಪ್ಪಾದರೆ ಕಲ್ಲು ತಾಗಿದೆ ಎಂದೇ ಎಲ್ಲರ ಮಾತು. ಪೆಟ್ಟಿನ ಕಪ್ಪು ಉಗುರು ಬೆಳೆದಂತೆ ಮುಂದೆ ಸರಿಯುತ್ತದೆ. ಸರಿಯದೆ ಅಗಲವಾಗುವ ಕಪ್ಪುಪಟ್ಟಿಯನ್ನು, ಬಣ್ಣ ಆಕಾರ ಬದಲಿಸುವ ಮಚ್ಚೆಯನ್ನು, ಹಳೆಯ ಸುಟ್ಟಗಾಯದ ಕಲೆಯಲ್ಲಿ ಹೊಸದಾಗಿ ಎದ್ದ ಹುಣ್ಣನ್ನು ತೋರಿಸಲೇಬೇಕು. ಒಲೆಯ ಮುಂದೆ ಸುಟ್ಟುಕೊಂಡ ಹೆಂಗಸರು ನಮ್ಮ ಪ್ರತಿ ಓಣಿಯಲ್ಲೂ ಇದ್ದಾರೆ.

ಆದರೆ ಇಷ್ಟು ತಿಳಿವಳಿಕೆ ಸಾಕೇ ಎಂದು ಕೇಳಿದರೆ, ಸಾಲದು. ತಂಗಿಯ ಮಗಳ ಗಂಡನಿಗೆ ಸಂಬಳದ ನೌಕರಿ ಇದೆ, ಈ ಕೂಸು ಕೂಲಿಗೆ ಹೋಗುವುದಿಲ್ಲ. ಇದೇ ಬಣ್ಣದ ಮೈಯ ಇನ್ನೊಂದು ಕೂಸು ಇವತ್ತೂ ಮೆಣಸಿನಕಾಯಿ ಬಿಡಿಸುವ ಹೊಲದ ಬದುವಿನಲ್ಲಿ ಕೂತಿರಬಹುದು. 2005ರ ಉದ್ಯೋಗ ಖಾತರಿ ಕಾಯ್ದೆ ಕೆಲಸದ ಜಾಗದಲ್ಲಿ ಕುಡಿಯುವ ನೀರು, ಮಕ್ಕಳಿಗೆ ಮತ್ತು ವಿರಾಮಕ್ಕೆ ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ಬರೆದಿತ್ತು. ಖಡಿ ಒಡೆದ ಕಾಲದಲ್ಲಿ ಅಂಥ ನೆರಳನ್ನು ನಮ್ಮವರು ಕಾಣಲಿಲ್ಲ. ಬರೆದದ್ದನ್ನು ಕೇಳಿ ಪಡೆಯುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ.

ತಂಗಿಯ ಮಗಳಿಗೆ ನಾನು ಹೇಳಲಿರುವುದು ಇದು. ಅಕ್ಕನನ್ನು ಬಿಸಿಲು ಕೊಂದಿತು ಎನ್ನುವುದು ಅರ್ಧ ಸತ್ಯ. ಅವಳಿಗೆ ಹಲಗೆ ಕಾಣದಿದ್ದಾಗ ಯಾರೂ ಅವಳನ್ನು ಹಲಗೆಯ ಹತ್ತಿರ ಕೂಡಿಸಲಿಲ್ಲ. ಅವಳ ಬೆರಳಿಗೆ ಗೊತ್ತಿದ್ದ ವಿದ್ಯೆಗೆ ಹೊಟ್ಟೆ ತುಂಬುವ ಕೂಲಿ ಸಿಗಲಿಲ್ಲ. ಗಾಯವನ್ನು ನೋಡಿದವರೆಲ್ಲ ಅದು ಅವಳ ಹಣೆಬರಹ ಅಂದರು. ಈ ಮೂರನ್ನೂ ಮಾಡಿದ್ದು ಮನುಷ್ಯರು, ಆದ್ದರಿಂದ ಮನುಷ್ಯರೇ ಬದಲಿಸಬಹುದು. ನಿನ್ನ ಮಗಳು ಓದಲಿ, ಸಂಜೆಯ ಹೊತ್ತು ಓಣಿಯ ಮಕ್ಕಳ ಜೊತೆ ಆಡಲಿ, ಬೀಗರು ಬಂದಾಗ ಪಡಸಾಲೆಯಲ್ಲೇ ಕೂರಲಿ. ಸಾಲಿಗೆ ಸೇರಿಸುವ ದಿನ ಪ್ರಾರ್ಥನೆಯನ್ನು ನೆರಳಲ್ಲಿ ಮಾಡಿಸಿ ಎಂದು ಕೇಳು. ಅದು ಎಲ್ಲ ಮಕ್ಕಳಿಗೂ ಒಳ್ಳೆಯದು. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ, ಅಂಗನವಾಡಿಯ ಅಕ್ಕನಿಗೆ ನಿನಗೆ ಗೊತ್ತಾದದ್ದನ್ನೆಲ್ಲ ಹೇಳು. ಬೆಳ್ಳಗೆ ಹುಟ್ಟಿದ ಕೂಸು ಯಾರ ಮನೆಯದೇ ಇರಲಿ, ಅದರ ತಾಯಿಗೆ ಈ ಮಾತುಗಳು ಹೆರಿಗೆಯಾದ ವಾರದಲ್ಲೇ ತಲುಪಬೇಕು.